ಖಳನಿಗೆ ಬಿದ್ದ ಚಪ್ಪಾಳೆ

ಖಳನ ವೇಷದ ಗುಡುಗು ಊರುಗೋಲಿನ ತುದಿಯಿಂದ ತೊಟ್ಟಿಲನ್ನು ಹೊಸ್ತಿಲಿನಾಚೆಗೆ ತಳ್ಳಿದ. ವಿಧವೆ ಅತ್ತಿಗೆ "ಕೂಸಿದೆ, ಅದರೊಳಗೆ ಕೂಸಿದೆ" ಎಂದು ಬಾಯಿ ಬಾಯಿ ಬಡಿದುಕೊಂಡಳು. ಸಭಾಂಗಣದ ತುಂಬ ಕೂತಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಗುಡುಗಿಗೆ ಬೇಕಿದ್ದದ್ದು ಇದಲ್ಲ. ಇದು 'ಥೂ' ಅನ್ನಿಸಿಕೊಳ್ಳಬೇಕಾದ ಜಾಗ. ಅಣ್ಣ ಸತ್ತ ಮೇಲೆ ಅತ್ತಿಗೆಯನ್ನೂ ಹಸುಗೂಸನ್ನೂ ಬೀದಿಪಾಲು ಮಾಡುವ ಮೈದುನನ ಪಾತ್ರ ಅವನದು. ವೇಷ ಕಳಚಿದರೆ, ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಮೈಕಿನಲ್ಲಿ ಹೇಳುವುದು ಅವನ ಕೆಲಸ. ಆ ಗಂಟಲಿಗೇ ಗುಡುಗು ಎಂಬ ಹೆಸರು ಬಿದ್ದದ್ದು. ಬಲಗಾಲು ಚಿಕ್ಕಂದಿನಲ್ಲೇ ಸೊರಗಿತ್ತು. ಹಾಗಾಗಿ ನೌಕರರ ನಾಟಕದಲ್ಲಿ ಪ್ರತಿ ವರ್ಷವೂ ಪರದೆಯ ಹಿಂದಿನ ದೇವವಾಣಿ ಅವನಿಗೇ ಮೀಸಲು. ಈ ಸಲ ನಾಟಕ ಕಲಿಸುವ ಮೇಷ್ಟ್ರ ಹಿಂದೆ ಬಿದ್ದು, ಅವರ ತಲೆ ತಿಂದು, ಪರದೆಯ ಮುಂದಕ್ಕೆ ಬಂದಿದ್ದ.

ಮಧ್ಯಂತರಕ್ಕೆ ಪರದೆ ಬೀಳಲೂ ಬಿಡದೆ ಸಾರಿಗೆ ಸಂಸ್ಥೆಯ ದೊಡ್ಡ ಸಾಹೇಬರು ವೇದಿಕೆ ಹತ್ತಿ ಮೈಕು ಹಿಡಿದರು. "ಎರಡು ಕಾಲೂ ನೆಟ್ಟಗಿರೋ ನಾವು ಲಿಫ್ಟು ಕೆಟ್ರೆ ಗೊಣಗ್ತೀವಿ. ಇವರನ್ನ ನೋಡಿ. ಇವರು ನಮಗೆಲ್ಲ ಸ್ಫೂರ್ತಿ." ಹೂಗುಚ್ಛ ಕೊಟ್ಟು, ಗುಡುಗನ್ನು ಬರಸೆಳೆದು ತಬ್ಬಿ ಫೋಟೋಗೆ ನಿಂತರು. ತಬ್ಬಿದ ರಭಸಕ್ಕೆ ಅಂಟಿಸಿದ ಮೀಸೆಯ ಒಂದು ಪಕ್ಕ ಕಿತ್ತು ಜೋತುಬಿತ್ತು.

ಒಳಗೆ ಬಂದರೆ, ಅತ್ತಿಗೆಯ ಪಾತ್ರ ಮಾಡುತ್ತಿದ್ದ ಕಂಡಕ್ಟರಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಮನೆ ಕಳ್ಕೊಂಡೋಳು ನಾನು. ಅಯ್ಯೋ ಪಾಪ ಅನ್ನಿಸ್ಕೊಳ್ಳೋನು ನೀನು. ಮತ್ತೆ ನಾನ್ಯಾಕಪ್ಪ ಗಂಟಲು ಹರ್ಕೊಂಡು ಅಳ್ಬೇಕು?"

"ನಾನೇನು ಕೇಳಿದ್ನಾ ಅಕ್ಕ? ಬೇಕಿದ್ರೆ ಈ ಹೂವು ನೀನೇ ಇಟ್ಕೋ."

ಮೇಷ್ಟ್ರು ಅಂಟು ಹಚ್ಚಿ ಮೀಸೆಯನ್ನು ಒತ್ತಿ ಹಿಡಿದರು. "ನಾನು ಮೊದ್ಲೇ ಬಡ್ಕೊಂಡೆ, ನಿನ್ನನ್ನ ಬೈಯೋಕೆ ಜನಕ್ಕೆ ಬಾಯಿ ಬರಲ್ಲ ಅಂತ. ಖಳನ್ನ ಕಂಡ್ರೆ ಹೊಟ್ಟೆ ಉರೀಬೇಕು ಕಣೋ. ಇವರಿಗೆ ಕಣ್ಣಲ್ಲಿ ನೀರು ಬರ್ತಿದೆ. ನಾಳೆ ಆಟಕ್ಕೆ ಈ ಪಾತ್ರ ಸ್ಟೋರ್ ಕೀಪರ್‌ಗೆ. ನೀನು ಮತ್ತೆ ದೇವವಾಣಿ."

"ಇನ್ನೂ ಅರ್ಧ ಆಟ ಇದೆಯಲ್ಲ ಮೇಷ್ಟ್ರೇ. ಬೈಸ್ಕೊಂಡ್ರೆ?"

ಮೀಸೆ ಒತ್ತಿದ್ದ ಬೆರಳು ಸಡಿಲವಾಯಿತು. "ಒಬ್ಬರೇ ಒಬ್ಬರು ಮನಸಾರೆ ಬೈದ್ರೂ ಸಾಕು, ಪಾತ್ರ ನಿಂದೇ. ಹೋಗು."

ಪರದೆ ಎದ್ದಾಗ, ನಾಟಕದ ಕಥೆಯಂತೆ ಪಂಚಾಯಿತಿಯ ತೀರ್ಪಿನಿಂದ ಮನೆ ಮತ್ತೆ ಅತ್ತಿಗೆಯದಾಗಿತ್ತು. ಬೀಗದ ಕೈ ಗೊಂಚಲು ಅವಳ ಸೊಂಟದಲ್ಲಿತ್ತು. ಮೈದುನ ಅಬ್ಬರಿಸಿಕೊಂಡು ಬಂದು ಅದನ್ನು ಕಿತ್ತುಕೊಳ್ಳಬೇಕೆಂದು ಕಲಿಸಿದ್ದರು. ಗುಡುಗು ಅಬ್ಬರಿಸಲಿಲ್ಲ. ಮೆಲ್ಲಗೆ, ತಲೆ ತಗ್ಗಿಸಿ ಬಂದ. ಚಪ್ಪಾಳೆ ಶುರುವಾಯಿತು. ತಟ್ಟಲಿ ಎಂದು ಬಿಟ್ಟ. ನಡುವೇದಿಕೆಗೆ ಬಂದವನೇ ಊರುಗೋಲನ್ನು ಕೈಬಿಟ್ಟು ದೊಪ್ಪನೆ ನೆಲಕ್ಕೆ ಬಿದ್ದ. ಸಭಾಂಗಣಕ್ಕೆ ಸಭಾಂಗಣವೇ ಹಾ ಎಂದಿತು.

"ಅತ್ತಿಗೆ, ನನಗೆ ಯಾರೂ ದಿಕ್ಕಿಲ್ಲ. ನಡೆಯೋಕೂ ಆಗದೋನು ನಾನು. ಒಂದು ಮೂಲೆ ಕೊಡಿ, ಬಿದ್ದಿರ್ತೀನಿ." ಗುಡುಗುತ್ತಿದ್ದ ದನಿ ಎಳೆದರೆ ಹರಿದುಹೋಗುವ ನೂಲಾಗಿತ್ತು.

ನಾಟಕದಲ್ಲಿಲ್ಲದ ಮಾತು. ಕಂಡಕ್ಟರಮ್ಮ ಅವನು ನಿಜವಾಗಿಯೂ ಬಿದ್ದನೆಂದುಕೊಂಡು, ತನ್ನ ಮಾತೆಲ್ಲ ಮರೆತು ಓಡಿಬಂದಳು. ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಅವಳ ಹೆಗಲ ಮೇಲೆ ಭಾರ ಹಾಕಿ ಅವನು ಒಂದೊಂದೇ ಹೆಜ್ಜೆ ಎತ್ತಿಟ್ಟ. ಮುಂದಿನ ಸಾಲಿನಲ್ಲಿ ಸಾಹೇಬರು ಕರವಸ್ತ್ರ ಹಿಡಿದು ಎದ್ದು ನಿಂತರು. ಹೆಂಗಸರು ಮೂಗು ಸೊರ್ರೆನ್ನಿಸಿದರು. ಹೊಸ್ತಿಲು ಬಂತು. ಅವನ ಕೈ ಅವಳ ಸೊಂಟಕ್ಕಿಳಿದು ಮೇಲೆದ್ದಿತು, ಅವಳಿಗೇ ತಿಳಿಯಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂಟಿಕಾಲಲ್ಲಿ ಒಳಕ್ಕೆ ಜಿಗಿದು ಬಾಗಿಲು ಹಾಕಿ ಅಗುಳಿ ಜಡಿದ.

ಕಿಟಕಿ ತೆರೆಯಿತು. ಚೌಕಟ್ಟಿಗೆ ಒರಗಿ, ಗೊಂಚಲನ್ನು ಬೆರಳಲ್ಲಿ ಗಿರಗಿರನೆ ತಿರುಗಿಸುತ್ತ ಗುಡುಗು ನಕ್ಕ. ಆ ನಗು ಕೊನೆಯ ಸಾಲಿನ ಗೋಡೆಗೆ ಬಡಿದು ವಾಪಸು ಬಂತು.

"ಎಲ್ಲರೂ ಸೇರಿ ಅಯ್ಯೋ ಪಾಪ ಅಂದ್ರಲ್ಲ? ಅದಕ್ಕೇ ಕಾಯ್ತಿದ್ದೆ."

ಅಲ್ಲಿಯವರೆಗೆ ಅತ್ತವರ ಮುಖಗಳು ಒಂದೊಂದಾಗಿ ಕೆಂಪೇರಿದವು. ಆಮೇಲೆ ಮೂರನೆಯ ಸಾಲಿನಿಂದ ಒಬ್ಬ ಮುದುಕಿಯ ದನಿ ಎದ್ದಿತು. "ಎಲಾ ಮನೆಹಾಳ, ನಿನ್ನ ಬಾಯಿಗೆ ಮಣ್ಣು ಬೀಳ." ಮಾತಿನ ಬೆನ್ನಿಗೇ ಒಂದು ಚಪ್ಪಲಿ ಹಾರಿ ಬಂದು ಕಿಟಕಿಯ ಚೌಕಟ್ಟಿಗೆ ಬಡಿದು ಅವನ ಕೈಗೇ ಬಿತ್ತು.

ಕಟ್ಟೆ ಒಡೆದಂತೆ ಸಭೆ ಬೈಗುಳಕ್ಕಿಳಿಯಿತು. "ಬಿಡಬೇಡಿ ಆ ಕಳ್ಳನ್ನ" ಎಂದು ಸಾಹೇಬರು ಕುರ್ಚಿಯ ಮೇಲೆ ಹತ್ತಿ ಕೂಗುತ್ತಿದ್ದರು. ಪರದೆಯ ಮರೆಯಲ್ಲಿ ಮೇಷ್ಟ್ರು ನಿಂತಲ್ಲೇ ಕುಣಿದರು. ಗುಡುಗಿಗೆ ಹಿಗ್ಗು ತಡೆಯಲಾಗದೆ ಮುಖ ಅರಳತೊಡಗಿತು; ಕೆನ್ನೆ ಕಚ್ಚಿಕೊಂಡು ಹುಬ್ಬು ಗಂಟಿಕ್ಕಿ ಖಳನಾಗಿಯೇ ನಿಂತ.

ಅಷ್ಟರಲ್ಲಿ ಒಂದು ಕಾಲಲ್ಲಿ ಚಪ್ಪಲಿ, ಒಂದು ಬರಿಗಾಲು, ಹೀಗೆ ಆ ಮುದುಕಿ ಜನರನ್ನು ಪಕ್ಕಕ್ಕೆ ಸರಿಸುತ್ತ ವೇದಿಕೆಯ ಮೆಟ್ಟಿಲು ಹತ್ತಿ ನೇರ ಕಿಟಕಿಯ ಬಳಿಗೇ ಬಂದಳು. ಗುಡುಗು ಎರಡೂ ಕೈಯಲ್ಲಿ ಚಪ್ಪಲಿಯನ್ನು ಮುಂದೆ ಚಾಚಿದ.

ಮುದುಕಿ ಅದರತ್ತ ನೋಡಲೂ ಇಲ್ಲ. ಅಂಗೈ ಒಡ್ಡಿದಳು.

"ಅದು ಹಾಗಿರ್ಲಿ. ಮೊದ್ಲು ಆ ಹೆಣ್ಣುಮಗಳ ಬೀಗದ ಕೈ ಇಲ್ಲಿ ಕೊಡು."