ಕಾಂಡ್ಲಾ ಪಾಠ

ನದಿ ನಡುವಿನ ಕುದ್ರುವಿನ ಶಾಲೆಗೆ ನಾನು ಬಯಲುಸೀಮೆಯಿಂದ ಬಂದ ವಿಜ್ಞಾನದ ಮೇಷ್ಟ್ರು. ದೋಣಿಯಲ್ಲಿ ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದೆ. ದಡ ಮುಟ್ಟಿದ ಕೂಡಲೇ ಪರಿಸರ ತಜ್ಞನಾಗಿಬಿಡುತ್ತಿದ್ದೆ.

ಹೋದ ವರ್ಷ ಮಕ್ಕಳನ್ನು ಹೊಳೆಯಂಚಿನ ಕೆಸರಿಗಿಳಿಸಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡ ನೆಡಿಸಿದೆ. ಅದರ ಬೀಜ ನುಗ್ಗೆಕಾಯಿಯ ಹಾಗೆ ಉದ್ದ; ಅದನ್ನೇ ಕೆಸರಿಗೆ ನೆಟ್ಟಗೆ ಊರುವುದು.

"ಚೂಪು ತುದಿಯೇ ಚಿಗುರು. ಅದು ಮೇಲಿರಬೇಕು," ಎಂದೆ.

ಮಕ್ಕಳು ಮುಖ ಮುಖ ನೋಡಿಕೊಂಡರು. ನನ್ನ ಜ್ಞಾನಕ್ಕೆ ಬೆರಗಾದರು ಅಂದುಕೊಂಡೆ. ಹೇಳಿದ ಹಾಗೆಯೇ ಇನ್ನೂರು ನೆಟ್ಟರು. ಮೊದಲನೆಯದನ್ನು ನಾನೇ ನೆಟ್ಟು, ಪಕ್ಕದಲ್ಲಿ ನನ್ನ ಹೆಸರಿನ ಬೋರ್ಡನ್ನೂ ಊರಿದೆ. ಉತ್ತಮ ಶಿಕ್ಷಕ ಪ್ರಶಸ್ತಿಗೆ ಅರ್ಜಿಯನ್ನೂ ಹಾಕಿದೆ.

ಈ ವರ್ಷ ಶಿಕ್ಷಣಾಧಿಕಾರಿಗಳು ನೋಡಲು ಬಂದರು. ದಂಡೆಯುದ್ದಕ್ಕೂ ಸಾಲು ಸಾಲು ಹಸಿರು.

"ಭೇಷ್! ಏನು ಮೇಷ್ಟ್ರೇ ಇದರ ಗುಟ್ಟು?"

"ಮಕ್ಕಳಿಗೆ ಸರಿಯಾದ ಮಾರ್ಗದರ್ಶನ, ಸಾರ್," ಎಂದು ತಲೆ ತಗ್ಗಿಸಿದೆ. ಎಷ್ಟು ತಗ್ಗಿಸಬೇಕೆಂದು ಬೆಳಿಗ್ಗೆಯೇ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ.

ಅವರು ನನ್ನ ಬೋರ್ಡಿನ ಹತ್ತಿರ ನಿಂತರು. ಅಲ್ಲಿದ್ದದ್ದು ಒಂದು ಒಣಕಡ್ಡಿ.

"ಇದೊಂದೇ ಯಾಕೆ ಸತ್ತುಹೋಯಿತು?"

ಏಡಿಗಳ ಮೇಲೆ ತಪ್ಪು ಹೊರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಏಳನೆಯ ತರಗತಿಯ ಪ್ರತೀಕ್ಷಾ ಮುಂದೆ ಬಂದಳು.

"ಉಳಿದದ್ದನ್ನೆಲ್ಲ ನಮ್ಮ ಸರ್ ದೋಣಿ ಹತ್ತಿದ ಮೇಲೆ ನಾವು ಕಿತ್ತು, ಚೂಪು ತುದಿ ಕೆಳಗೆ ಬರುವ ಹಾಗೆ ತಿರುಗಿಸಿ ನೆಟ್ಟೆವು. ಇದಕ್ಕೆ ಅವರ ಹೆಸರಿನ ಬೋರ್ಡ್ ಇತ್ತಲ್ಲ, ಮುಟ್ಟಲಿಕ್ಕೆ ಹೆದರಿಕೆ ಆಯ್ತು."