ವರ್ಷಕ್ಕೆ ಒಂದೋ ಎರಡೋ

ಕುದುರೆ ಡಾಕ್ಟರು ಬರುವ ದಿನವೇ ಬಚ್ಚಲುಮನೆಯಲ್ಲಿ ಹೊಸ ಸೆಂಟಿನ ಬಾಟಲಿ ಕಾಣಿಸಿಕೊಂಡದ್ದು ಅಳಿಯನಿಗೆ ಸರಿಬರಲಿಲ್ಲ. ಮುಚ್ಚಳ ತೆಗೆದು ಮೂಸಿದ. ಘಮ್ಮೆಂದಿತು. ಮುಚ್ಚಳವನ್ನು ಕುತ್ತಿಗೆ ಹಿಚುಕುವಂತೆ ತಿರುಗಿಸಿ ಮುಚ್ಚಿದ.

ಆ ಮನೆಯಲ್ಲಿದ್ದ ಹೆಂಗಸರು ಇಬ್ಬರೇ. ಒಬ್ಬರು ಅತ್ತೆ. ಗಂಡ ತೀರಿಕೊಂಡ ಮೇಲೆ ಸೊಂಟದೆತ್ತರದ ಮೂರು ಪುಟಾಣಿ ಕುದುರೆಗಳನ್ನು ತಂದು ಹಿತ್ತಲಲ್ಲಿ ಸಾಕಿಕೊಂಡು, ಲದ್ದಿಯ ವಾಸನೆಯಲ್ಲೇ ಸುಖ ಕಂಡವರು. ಅವರಿಗೆ ಸೆಂಟಿನ ಹಂಗಿರಲಿಲ್ಲ. ಉಳಿದವಳು ಅವನ ಹೆಂಡತಿ.

ಅಳಿಯನದು ಕನ್ನಡಕದ ಅಂಗಡಿ. ಮದುವೆಯಾದಾಗಿನಿಂದ ಅತ್ತೆಯ ಮನೆಯಲ್ಲೇ ವಾಸ. ಕುದುರೆಗಳ ತಂಟೆಗೆ ಅವನೆಂದೂ ಹೋದವನಲ್ಲ. ಅವೂ ಅವನನ್ನು ಮನೆಯ ಕುರ್ಚಿಯಂತೆ ಕಂಡು ಸುಮ್ಮನಿದ್ದವು. ಆದರೆ ಹಳೆಯ ಡಾಕ್ಟರು ಊರು ಬಿಟ್ಟು ಈ ಹೊಸಬರು ಬಂದದ್ದೇ ತಡ, ವರ್ಷಕ್ಕೊಮ್ಮೆ ಹಾಕಿಸುತ್ತಿದ್ದ ಫ್ಲೂ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಬೇಕೆಂದು ಹೆಂಡತಿ ಹಟ ಹಿಡಿದಳು.

“ಪುಟ್ಟ ಜೀವಗಳು ರೀ. ಎರಡು ಸಲ ಹಾಕಿಸಿದ್ರೆ ಗಂಟೇನು ಹೋಗುತ್ತೆ?”

“ಸೂಜಿ ಕುದುರೆಗೆ, ಸಡಗರ ನಿನಗೆ.”

“ಏನಂದ್ರಿ?”

“ಏನಿಲ್ಲ. ಕೆಮ್ಮು ಬಂತು.”

ಜೀಪಿನ ಸದ್ದಾಯಿತು. ಹೆಂಡತಿ ಚಪ್ಪಲಿಯನ್ನೂ ಮರೆತು ಗೇಟಿಗೆ ಓಡಿದಳು. ಡಾಕ್ಟರು ಇಳಿದರು. ಗರಿಗರಿ ಇಸ್ತ್ರಿಯ ಅಂಗಿ, ಮಿಂಚುವ ಬೂಟು, ಅನುಮಾನ ಬರುವಷ್ಟು ಕಪ್ಪು ಕೂದಲು. ಲದ್ದಿ ತುಳಿಯಲು ಬರುವವನಿಗೆ ಬೂಟು ಮಿಂಚಬೇಕಾದದ್ದು ಯಾಕೆ ಎಂದು ಅಳಿಯ ತನ್ನಷ್ಟಕ್ಕೆ ಕೇಳಿಕೊಂಡ. ಉತ್ತರ ಅವನಿಗೆ ಹಿಡಿಸಲಿಲ್ಲ.

ಒಂದೇ ಒಂದು ಸಮಾಧಾನವಿತ್ತು. ಅತ್ತೆಗೆ ಈ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ.

“ಬಂದ್ರಾ?” ಅತ್ತೆ ಮುಖ ಗಂಟು ಹಾಕಿದರು. “ಇವರು ಗೇಟಿನೊಳಗೆ ಕಾಲಿಟ್ರೆ ಸಾಕು, ನನಗೆ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ.”

“ನನಗೂ ನಿಮ್ಮ ಕುದುರೆಗಳಿಗೆ ಚುಚ್ಚೋದು ಸುಲಭ, ನಿಮಗೆ ಹೆದರದೆ ನಿಲ್ಲೋದು ಕಷ್ಟ,” ಎಂದರು ಡಾಕ್ಟರು.

ಚೆನ್ನಾಗಿ ಹಾಕಿದರು ಅತ್ತೆ ಎಂದು ಅಳಿಯ ಒಳಗೊಳಗೇ ಚಪ್ಪಾಳೆ ತಟ್ಟಿದ.

ಡಾಕ್ಟರು ಲಸಿಕೆಯ ಶೀಶೆಯನ್ನು ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಲೇಬಲ್ ಓದಿದರು. ಬೇರೆ ಯಾರಾದರೂ ಆಗಿದ್ದರೆ ಅಳಿಯ ಅಲ್ಲೇ ಒಂದು ಕನ್ನಡಕ ಮಾರಿಬಿಡುತ್ತಿದ್ದ. ಇವನಿಗೆ ಮಾತ್ರ ಕಣ್ಣು ಕಾಣದಿದ್ದರೇ ಮನೆಗೆ ಕ್ಷೇಮ ಎಂದು ಸುಮ್ಮನಾದ. ಹೆಡ್‌ಮಾಸ್ಟರ್ ಎಂಬ ಕಂದು ಕುದುರೆಗೆ ಸೂಜಿ ಬಿತ್ತು. ಅದು ಗೊರಕೆ ಹೊಡೆದಂತೆ ಸದ್ದು ಮಾಡಿ, ಡಾಕ್ಟರ ಜೇಬಿನಲ್ಲಿದ್ದ ಕ್ಯಾರೆಟ್ಟಿಗೆ ಬಾಯಿ ಹಾಕಿತು. ಬಟಾಣಿ, ದೊರೆಸಾನಿ ಎಂಬ ಉಳಿದೆರಡೂ ಸರತಿಯಲ್ಲಿ ನಿಂತವು. ಕುದುರೆಗಳನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾನೆ!

ಈ ವರ್ಷದ ಮೊದಲ ಸೂಜಿಯ ಕೆಲಸ ಮುಗಿಯಿತು. ಕೈ ತೊಳೆಯಲು ಬಿಸಿನೀರು ತರುವಂತೆ ಹೆಂಡತಿ ಅಳಿಯನನ್ನೇ ಅಟ್ಟಿದಳು. ಬಕೆಟ್ಟಿನೊಂದಿಗೆ ಹಿಂತಿರುಗುವಾಗ ಲಾಯದ ಗೋಡೆಯಾಚೆ ಪಿಸುಮಾತು ಕೇಳಿತು.

“ಇವರಿಗೆ ಇವತ್ತು ಹೇಳಿಬಿಡಿ. ಎಷ್ಟು ದಿನ ಅಂತ ಮುಚ್ಚಿಡೋದು?” ಹೆಂಡತಿಯ ದನಿ.

“ರೇಗಿದ್ರೆ?” ಡಾಕ್ಟರ ದನಿ.

“ರೇಗ್ತಾರೆ. ಆಮೇಲೆ ತಣ್ಣಗಾಗ್ತಾರೆ. ಬೇಕಾದ್ರೆ ಮನೆಯಿಂದ ಹೊರಗೆ ಹೋಗ್ಲಿ, ನಾನು ಹೆದರಲ್ಲ.”

ಬಿಸಿನೀರು ತುಳುಕಿ ಅಳಿಯನ ಕಾಲ ಮೇಲೆ ಬಿತ್ತು. ಸುಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ. ಇಷ್ಟು ವರ್ಷದ ಸಂಸಾರ, ಒಂದು ಜೊತೆ ಬೂಟಿನ ಮುಂದೆ ಇಷ್ಟು ಹಗುರವಾಯಿತೇ? ಬಕೆಟ್ಟನ್ನು ದಡಕ್ಕನೆ ಇಟ್ಟು ಅವನು ಅಂಗಳದ ನಡುವೆ ಹೋಗಿ ನಿಂತ. ಕೂಗಾಡಿದರೆ ತಾನೇ ನಗೆಪಾಟಲು. ಈ ಮನುಷ್ಯನನ್ನು ಇವನ ಬಾಯಿಂದಲೇ ಹೊರಗಟ್ಟಬೇಕು.

“ಡಾಕ್ಟ್ರೇ, ಎದೆ ಮುಟ್ಕೊಂಡು ಹೇಳಿ. ಈ ಕುದುರೆಗಳಿಗೆ ವರ್ಷಕ್ಕೆ ಎಷ್ಟು ಸಲ ಲಸಿಕೆ ಬೇಕು?”

ಅತ್ತೆ, ಹೆಂಡತಿ ಇಬ್ಬರೂ ಡಾಕ್ಟರ ಮುಖವನ್ನೇ ನೋಡಿದರು. ಡಾಕ್ಟರು ಬಟಾಣಿಯ ಕತ್ತಿನ ಕೂದಲು ನೇವರಿಸಿದರು.

“ಊರೂರು ಸುತ್ತಿ ಬೇರೆ ಕುದುರೆಗಳ ಜೊತೆ ಬೆರೆಯೋವಕ್ಕೆ ಆರು ತಿಂಗಳಿಗೊಮ್ಮೆ ಬೇಕು. ಇವು ಗೇಟೇ ದಾಟಲ್ಲ.” ಅವರು ನಿಟ್ಟುಸಿರುಬಿಟ್ಟರು. “ವರ್ಷಕ್ಕೆ ಒಂದು ಸಾಕು.”

“ಒಂದೇ ಸಲಾನಾ?” ಅತ್ತೆ ಕೈಲಿದ್ದ ಹಗ್ಗವನ್ನು ನೆಲಕ್ಕೆ ಬಿಸಾಡಿದರು. “ನಾಲಿಗೆ ಸ್ವಲ್ಪ ಹೊರಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ನನ್ನ ಆಸೆಗೆ ಮೂಕಪ್ರಾಣಿಗೆ ಚುಚ್ಚೋಕೆ ನನ್ನ ಕೈ ಬರಲ್ಲ.”

ಒಂದು ಗಳಿಗೆ ಅಳಿಯನಿಗೆ ಅವರ ಮೇಲೆ ಗೌರವವೇ ಹುಟ್ಟಿತು. ಅದನ್ನು ಕೂಡಲೇ ಹೊಸಕಿ ಹಾಕಿದ. ಗೆದ್ದಾಯಿತು. ಹೆಂಡತಿಯ ಮುಖ ಬಾಡಿತ್ತು. ಅವನು ಹೋಗಿ ಗೇಟನ್ನು ಅಗಲವಾಗಿ ತೆರೆದು ಹಿಡಿದ.

“ಹಾಗಾದ್ರೆ ಮುಂದಿನ ವರ್ಷ ಸಿಗೋಣ.”

ಡಾಕ್ಟರು ಕದಲಲಿಲ್ಲ. ಬಕೆಟ್ಟಿನ ನೀರಲ್ಲಿ ನಿಧಾನವಾಗಿ ಕೈ ತೊಳೆದರು, ಒರೆಸಿಕೊಂಡರು.

“ಅಷ್ಟು ದಿನ ಕಾಯೋ ವಯಸ್ಸಲ್ಲ ನನ್ನದು. ಬರೋಕೆ ಲಸಿಕೆಯ ನೆಪವೂ ಹೋಯ್ತು. ಕೋಪ ಬಂದ್ರೂ ಕೇಳಿಸ್ಕೊಳ್ಳಿ. ನಾನು ಈ ಮನೆಗೇ ಬಂದು ಇದ್ದುಬಿಡೋದು ಅಂತ ತೀರ್ಮಾನ ಆಗಿದೆ.”

ಅಳಿಯ ಮುಷ್ಟಿ ಬಿಗಿದ. ಹೆಂಡತಿ ನಾಚಿಕೆಯಿಲ್ಲದೆ ನಗುತ್ತಿದ್ದಳು.

“ಡಾಕ್ಟ್ರೇ...” ಎಂದು ಹಲ್ಲು ಕಡಿದ.

“ಡಾಕ್ಟ್ರು ಅನ್ನೋದೆಲ್ಲ ಯಾಕೆ ಅಳಿಯಂದ್ರೇ,” ಎನ್ನುತ್ತ ಅವರು ಅತ್ತೆಯ ಲದ್ದಿ ಮೆತ್ತಿದ ಕೈಯನ್ನು ಹಿಡಿದುಕೊಂಡರು, “ಇನ್ಮೇಲೆ ಮಾವ ಅನ್ನಿ.”