ಚೀಸ್ ಇಲ್ಲದ ಪಫ್

ಓವನ್ನಿಗೆ ಹೋಗುತ್ತಿದ್ದ ಟ್ರೇಯನ್ನು ನಾದಿನಿ ತಡೆದಳು. "ಅತ್ತಿಗೆ, ಇದೊಂದಕ್ಕೆ ಮಾತ್ರ ಫೋರ್ಕಲ್ಲಿ ಚುಚ್ಚಿದ್ದೀರಲ್ಲ?"

ಇಪ್ಪತ್ತನಾಲ್ಕು ಪಫ್‌ಗಳ ನಡುವೆ ಒಂದರ ಮೇಲೆ ಮಾತ್ರ ಮೂರು ತೂತುಗಳಿದ್ದವು. ಚೀಸ್ ತಿಂದರೆ ಅತ್ತಿಗೆಯ ಗಂಡನಿಗೆ ಮೈಯೆಲ್ಲ ದದ್ದೇಳುತ್ತಿತ್ತು. ಪ್ರತಿ ವರ್ಷಾಂತ್ಯದ ಪಾರ್ಟಿಗೂ ಅವನ ಪಾಲಿನ ಚೀಸ್ ಇಲ್ಲದ ಪಫ್ಫಿಗೆ ಅವಳು ಹಾಕುತ್ತಿದ್ದ ಗುರುತು ಅದು. ಅವನು ಸತ್ತು ಮೂರು ತಿಂಗಳಾಗಿತ್ತು. ಅವಳು ಇನ್ನೂ ಅತ್ತಿರಲಿಲ್ಲ. ನೆಂಟರೆಲ್ಲ ಅದನ್ನೇ ಆಡಿಕೊಳ್ಳುತ್ತಿದ್ದರು.

"ಇದನ್ನ ನೋಡಿ 'ನನ್ನ ಸೀಟ್ ರಿಸರ್ವ್ ಆಯ್ತು' ಅಂತಿದ್ದ ಅಣ್ಣ," ಎಂದಳು ನಾದಿನಿ.

"ಅಭ್ಯಾಸ ನೋಡು, ಕೈ ತಾನಾಗೇ ಮಾಡಿಬಿಟ್ಟಿದೆ," ಎಂದಳು ಅವಳು. ಪಫ್ಫಿನ ಅಂಚನ್ನು ಉಗುರಿನಿಂದ ಬಿಡಿಸಿ, ಒಂದು ಚಮಚ ಚೀಸ್ ತುಂಬಿ, ಮತ್ತೆ ಒತ್ತಿದಳು. ಮೂರು ತೂತುಗಳನ್ನೂ ಹೆಬ್ಬೆರಳಿನಿಂದ ಸವರಿ ಮುಚ್ಚಿದಳು.

"ಈಗ ಎಲ್ಲಾ ಒಂದೇ. ಒಳಗಿಡು."